ಎಡಗಡೆಯ ಸಾಲು

“ಒಂದ ಜೋಡಿ ಸಾಲು ಕೊಡು ನನಗ. ಹೆಚ್ಚಿಗಿ ಕೇಳೂದಿಲ್ಲ,” ಎಂದಳು ಪ್ರೇಮವ್ವ, ಬದುವಿನ ಮೇಲೆ ಚಪ್ಪಲಿ ಬಿಡುತ್ತ.

ಸೊಸೆ ಸುಧಾರಾಣಿ ತಲೆಗೆ ಸುತ್ತಿದ್ದ ಟವೆಲ್ಲು ಬಿಗಿ ಮಾಡಿಕೊಂಡು ಹೊಲದ ಕಡೆ ನೋಡಿದಳೇ ಹೊರತು ಅತ್ತೆಯ ಮುಖ ನೋಡಲಿಲ್ಲ. ಹಲಗೇರಿಯ ಈ ಬೀಜದ ಹತ್ತಿಯ ಹೊಲ ಈ ವರ್ಷ ಅವಳ ಉಸ್ತುವಾರಿಯಲ್ಲಿತ್ತು.

“ಸಿಟ್ಟಾಗಬ್ಯಾಡ್ರಿ ಅತ್ತಿ. ಹ್ವಾದ ವರ್ಷ ಆಗಿದ್ದು ಮತ್ತ ಆದ್ರ ಬೀಜದ ಕಂಪನಿಯವರು ನಮ್ಮ ಹೊಲಾನ ಕೈಬಿಡ್ತಾರ.”

“ಎಡಗಡೆ ಒಂದ ಹೂವು ಅರಳಲಿ, ನಾಳಿಂದ ಈ ಬದು ಹತ್ತೂದಿಲ್ಲ. ಮನ್ಯಾಗ ಕುಂದ್ರು ಅಂದ್ರ ಕುಂದರ್ತೇನಿ.”

ಪ್ರೇಮವ್ವನ ಬಾಯಲ್ಲಿ ಇಷ್ಟು ತಗ್ಗಿದ ಮಾತು ಬಂದದ್ದೇ ದೊಡ್ಡದು. ಆ ಹೊಲಕ್ಕೆ ಕ್ರಾಸಿಂಗ್ ಕೆಲಸ ತಂದವಳೇ ಅವಳು. ಎರಡು ಸಾಲಿನ ನಡುವೆ ನಡೆಯುತ್ತ, ಮರುದಿನ ಅರಳಲಿರುವ ಮೊಗ್ಗುಗಳನ್ನು ಸಂಜೆಯೇ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಒಳಗಿನ ಪರಾಗವನ್ನೂ ಸುಲಿದು ತೆಗೆದು, ನಡುವಿನ ದಂಟಷ್ಟೇ ಉಳಿಸಿ ಕೆಂಪು ಕಾಗದ ಸಿಕ್ಕಿಸಬೇಕು. ಬೆಳಿಗ್ಗೆ ಅದಕ್ಕೆ ಬೇರೆ ತಳಿಯ ಹೂವು ತಂದು ಸವರಬೇಕು. ಸುಲಿಯದೆ ಬಿಟ್ಟ ಮೊಗ್ಗು ರಾತ್ರಿ ಕಳೆಯುವುದರೊಳಗೆ ತನ್ನಷ್ಟಕ್ಕೆ ಅರಳಿ ನಿಲ್ಲುತ್ತದೆ; ತನ್ನದೇ ಪರಾಗ ತಾಗಿದ ಅದರ ಬೀಜ ಕಂಪನಿಗೆ ಬೇಡ. ಯಾರು ಸರಿಯಾಗಿ ಮಾಡಿದರು, ಯಾರು ಮಾಡಲಿಲ್ಲ ಎಂದು ಬೆಳಗಾದರೆ ಇಡೀ ಹೊಲವೇ ಹೇಳಿಬಿಡುತ್ತದೆ. ಪ್ರೇಮವ್ವನ ಸಾಲಿನಲ್ಲಿ ಹೂವು ಹುಡುಕುವುದು ದಂಡ ಎಂದು ಊರ ಹೆಂಗಸರು ನಗುತ್ತಿದ್ದ ಕಾಲವಿತ್ತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ಕೇಳಿಸದವಳಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಒಳಗೊಳಗೇ ಹಿಗ್ಗು.

ಕಳೆದ ವರ್ಷ ಒಂದು ಬೆಳಿಗ್ಗೆ ನೋಡಿದರೆ ಒಂದು ಜೋಡಿ ಸಾಲಿನ ಬಲಗಡೆಗೆಲ್ಲ ಕೆಂಪು ಕಾಗದ, ಎಡಗಡೆಗೆಲ್ಲ ಹೂವು. ಹಳದಿ ಮಿಶ್ರಿತ ಬಿಳಿ ಹೂವು, ತುದಿಯತನಕ. ಪ್ರೇಮವ್ವ ಸೊಂಟಕ್ಕೆ ಕೈಯಿಟ್ಟು, “ಯಾವ ಮೈಗಳ್ಳಿ ಬಿಟ್ಟು ಹೋಗ್ಯಾಳ ಇದನ್ನ?” ಎಂದು ಗದರಿದಳು. ಒಬ್ಬಳು ಮೆಲ್ಲಗೆ, “ನಿಮ್ಮದರಿ ಅದು,” ಎಂದಳು. ಅವತ್ತು ಮಧ್ಯಾಹ್ನ ತಾಟಿನ ಮುಂದೆ ಕೂತು, ಪಲ್ಯ ಯಾಕೆ ಹಾಕಿಲ್ಲ ಎಂದು ಸೊಸೆಯ ಮೇಲೆ ಹರಿಹಾಯ್ದಳು. ಪಲ್ಯ ತಾಟಿನ ಎಡಗಡೆ ತಣ್ಣಗಾಗುತ್ತಿತ್ತು.

ಹಾವೇರಿಯ ಆಸ್ಪತ್ರೆಯಲ್ಲಿ ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಅಲ್ಲಿ ವ್ಯಾಯಾಮ ಕಲಿಸುವ ದಿಲನಾಜ ಎಂಬ ಹುಡುಗಿ ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

“ಅವ್ವಾರ, ನಿಮ್ಮ ಕಣ್ಣು ಛಲೋ ಅದಾವ. ಎಡಗಡೀದು ನೋಡೋ ಮಿದುಳಿನ ಜಾಗಾಕ್ಕ ಪೆಟ್ಟು ಬಿದ್ದೈತಿ. ಕಾಣವಲ್ದು ಅಂತ ಮಿದುಳಿಗೆ ತಿಳಿಯೂದೂ ಇಲ್ಲ, ಎಲ್ಲಾ ಕಂಡೈತಿ ಅಂತ ಸುಮ್ಮನಾಗತೈತಿ.”

“ಹಂಗಾದ್ರ ಇನ್ನ ಮುಗೀತನು?”

“ಮುಗದಿಲ್ಲರಿ. ಕಣ್ಣು ಎಡಕ್ಕ ಹೊಳ್ಳಿಸಿದ್ರ, ಎಡಗಡೆ ಇರೂದು ಕಾಣೂ ಕಡೆ ಬಂದು ಬೀಳತೈತಿ. ಸತ್ತ ಜಾಗಾ ಬದುಕತೈತಿ ಅಂತ ನಾ ಹೇಳೂದಿಲ್ಲ. ಆದ್ರ ಕಣ್ಣಿಗೆ ರೂಢಿ ಹಚ್ಚಿದ್ರ, ಉಳಿದಿದ್ದರಾಗ ಮಿದುಳು ಕೆಲಸ ಮಾಡತೈತಿ. ಎಡ ಅಂಚಿನಾಗ ಕೆಂಪಂದು ಏನರ ಇಡ್ರಿ. ಅದು ಕಾಣೂ ತನಕ ಕಣ್ಣು ನಿಲ್ಲಬಾರದು.”

ಕೆಂಪೆಂದರೆ ಬ್ಯಾಡಗಿಯಲ್ಲಿ ಹುಟ್ಟಿದವಳಿಗೆ ಇನ್ನೇನು ಹೊಳೆಯಬೇಕು? ಗಂಡ ನಿಜಲಿಂಗಪ್ಪ ಅವಳ ತವರಿನಿಂದ ಒಣಮೆಣಸಿನಕಾಯಿ ತಂದು ಮನೆಯ ಎಡಗಳನ್ನೆಲ್ಲ ತುಂಬಿದ. ತಾಟಿನ ಎಡಕ್ಕೆ ಒಂದು, ಒಲೆಯ ಎಡಕ್ಕೆ ಒಂದು, ಬಾಗಿಲ ಚೌಕಟ್ಟಿಗೆ ಕಟ್ಟಿದ್ದು ಒಂದು. ಊಟಕ್ಕೆ ತಾನೂ ಅವಳ ಎಡಕ್ಕೇ ಕೂರತೊಡಗಿದ. “ಎಲ್ಲಿ ಹೋದ್ರು ಇವರು?” ಎಂದು ಅವಳು ಸೊಸೆಯನ್ನು ಕೇಳಿದ ದಿನ, ರುಮಾಲಿಗೆ ಒಂದು ಮೆಣಸಿನಕಾಯಿ ಸಿಕ್ಕಿಸಿಕೊಂಡು ಬಂದು ಕೂತ. “ಈಗರ ನನ್ನ ಕಡೆ ನೋಡ್ತಿ ಏನ?” ಎಂದ. ಕಾಯಿಲೆ ಬಿದ್ದಮೇಲೆ ಅವಳು ಮೊದಲ ಸಲ ನಕ್ಕದ್ದು ಅವತ್ತೇ.

ರೂಢಿ ಅಷ್ಟು ಸುಲಭಕ್ಕೆ ಹತ್ತಲಿಲ್ಲ. ತಲೆ ಸಿಡಿಯಿತು, ಕಣ್ಣು ಸೋತು ನೀರು ಸುರಿಯಿತು. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದು ಬಡಿದು ಕಪ್ಪಾಯಿತು. ಬಿಡುವ ಪೈಕಿಯವಳೇ ಅವಳು? ಮುಂದಿನ ಬಿತ್ತನೆಯ ಹೊತ್ತಿಗೆ ತಾಟಿನ ಪಕ್ಕದ ಮೆಣಸಿನಕಾಯಿ ತೆಗೆದರೂ ಕಣ್ಣು ತಾನಾಗಿ ಅಲ್ಲಿಯವರೆಗೆ ಹೋಗಿ ಬರುತ್ತಿತ್ತು.

“ಆತು, ಒಂದ ಜೋಡಿ,” ಎಂದು ಸುಧಾರಾಣಿ ಕೊನೆಗೆ ಕೆಂಪು ಕಾಗದದ ಚೀಲ ಕೊಟ್ಟಳು.

ಸಂಜೆಯ ಬಿಸಿಲಲ್ಲಿ ಪ್ರೇಮವ್ವ ಸಾಲಿಗಿಳಿದಳು. ಪ್ರತಿ ಹೆಜ್ಜೆಗೂ ಮೊದಲು ಎಡಗಡೆಯ ಗಿಡದ ಆಚೆಯ ರೆಂಬೆಯತನಕ ಕಣ್ಣು ಒಯ್ದಳು. ಅಲ್ಲಿಂದ ಈಚೆ ಬರುತ್ತ ಮೊಗ್ಗುಗಳು ಒಂದೊಂದಾಗಿ ಕಾಣಿಸಿಕೊಂಡವು. ಉಳಿದ ಹೆಂಗಸರು ಕೆಲಸ ಮುಗಿಸಿ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರೂ ಅವಳದು ಅರ್ಧವೇ ಆಗಿತ್ತು. ಸುಧಾರಾಣಿ ಸಹಾಯಕ್ಕೆ ಎದ್ದಳು. “ಕುಂದರ ನೀ,” ಎಂದು ಪ್ರೇಮವ್ವ ತಿರುಗಿಯೂ ನೋಡದೆ ಹೇಳಿದಳು.

ಬೆಳಿಗ್ಗೆ ಸುಧಾರಾಣಿ ಆ ಸಾಲಿಗೆ ತಾನೇ ಇಳಿದಳು. ಅತ್ತೆ ಮಾವ ಬದುವಿನ ಮೇಲೆ ನಿಂತರು. ನಿಜಲಿಂಗಪ್ಪ ರುಮಾಲು ಬಿಚ್ಚಿ ಸುತ್ತಿದ. ಎಡಗಡೆ ಕೆಂಪು ಕಾಗದ, ಮತ್ತೆ ಕೆಂಪು ಕಾಗದ. ಸುಧಾರಾಣಿ ಎಲೆ ಎತ್ತೆತ್ತಿ ನೋಡುತ್ತ ತುದಿ ಮುಟ್ಟಿದಳು. ಎಡಗಡೆ ಒಂದೂ ಹೂವಿಲ್ಲ. ಪ್ರೇಮವ್ವ ಎದೆಯುಬ್ಬಿಸಿ, ಊರಿಗೆಲ್ಲ ಕಾಣಲಿ ಎಂಬಂತೆ ನಿಂತಳು.

ಸುಧಾರಾಣಿ ಅತ್ತಲಿಂದ ಬಲಗಡೆಯ ಸಾಲು ನೋಡುತ್ತ ಹಿಂದಿರುಗಿದಳು. ಹತ್ತಿರ ಬಂದವಳು ಒಂದು ಗಿಡದ ಬುಡದಲ್ಲಿ ಬಗ್ಗಿ ನಿಂತುಬಿಟ್ಟಳು.

“ಅತ್ತಿ, ಬಲಗಡೆ ಒಂದು ಉಳದೈತ್ರಿ.”

ಪ್ರೇಮವ್ವ ಇಳಿದು ಹೋಗಿ ನೋಡಿದಳು. ಎಲೆಯಡಿ ಒಂದೇ ಒಂದು ಹೂವು. ವರ್ಷವಿಡೀ ಎಡ ಎಡ ಎಂದು ಜಪಿಸಿದವಳಿಗೆ ಬಲಗಡೆಯದು ತಪ್ಪಿತ್ತು. ಅವಳ ಮುಖ ಸಪ್ಪಗಾಯಿತು.

ಸುಧಾರಾಣಿ ಸೊಂಟಕ್ಕೆ ಕಟ್ಟಿದ್ದ ಉಡಿ ಬಿಚ್ಚಿ ಅತ್ತೆಯ ಮುಂದೆ ಹಿಡಿದಳು. ಒಳಗೆ ಸುಲಿಯದೆ ಉಳಿದು ಅರಳಿದ್ದ ಹೂವುಗಳಿದ್ದವು. “ಇವು ನನ್ನ ಸಾಲಿನ್ಯಾಗಿನವು, ಉಳಿದವರವೂ ಅದಾವ. ದಿನಾ ಸಿಗತಾವ್ರಿ.”

ಪ್ರೇಮವ್ವ ಕ್ಷಣಹೊತ್ತು ಉಡಿಯನ್ನೇ ನೋಡಿದಳು. ಬಗ್ಗಿ ತನ್ನ ಹೂವು ಕಿತ್ತು ಅದರಲ್ಲಿ ಹಾಕಿದಳು. ಸೊಸೆ ಉಡಿ ಒಮ್ಮೆ ಕುಲುಕಿ ಕಟ್ಟಿಕೊಂಡಳು. ಆಮೇಲೆ ಸವರುವ ಹೂವಿನ ಬುಟ್ಟಿಯನ್ನು ಎತ್ತಿ, ಅತ್ತೆಯ ಎಡಗೈಗೆ ಕೊಟ್ಟಳು.