ಅಕ್ಕನ ಉಗುರಿನ ಗುರುತು

“ಹೊಚ್ಚಹೊಸ ಗಿಟಾರಿಗೆ ಉಪ್ಪುಕಾಗದ ಉಜ್ತೀಯಲ್ಲೇ, ತಲೆ ನೆಟ್ಟಗಿದೆಯಾ?” ಎಂದಳು ಅಮ್ಮ.

ಹೊಸ ಗಿಟಾರುಗಳ ಬಣ್ಣ ಸವೆಸಿ ಹಳತಿನ ಕಳೆ ತರುವುದೇ ತಂಗಿಯ ಕಸುಬು. ಈ ಗಿಟಾರನ್ನು ಮಾತ್ರ ಅಕ್ಕನಿಗಾಗಿ ಸವೆಸುತ್ತಿದ್ದಳು. ತನ್ನ ಹಳೆಯ ಗಿಟಾರು ಕಳುವಾದಂದಿನಿಂದ ಅಕ್ಕ ಬೇರೆ ಯಾವುದನ್ನೂ ನುಡಿಸಿರಲಿಲ್ಲ. ಹೊಸದೆಲ್ಲ ಕೈಗೆ ನೆಂಟರ ಮನೆಯಂತೆ ಅನ್ನಿಸುತ್ತದೆ ಎನ್ನುತ್ತಿದ್ದಳು.

“ಮೊಣಕೈ ಊರೋ ಜಾಗ ಎಲ್ಲರದ್ದೂ ಸವೆಯುತ್ತಮ್ಮ. ಹಾಡಿನ ಸಾಲು ಮರೆತಾಗ ತಂತಿ ಕೆಳಗೆ ಉಗುರಲ್ಲಿ ಕುಟ್ಟೋಳು ನಮ್ಮಕ್ಕ ಒಬ್ಬಳೇ,” ಎನ್ನುತ್ತ ತಂಗಿ ಅಲ್ಲಿಯೂ ಬಣ್ಣ ಕಿತ್ತಳು.

ಸಂಜೆ ಬಂದ ಅಕ್ಕ ಆ ಗುರುತುಗಳನ್ನು ಸವರಿ ನಕ್ಕಳು. “ನಾನು ಸಾಲು ಮರೀತೀನಿ ಅಂತ ಊರಿಗೆಲ್ಲ ಸಾರ್ತೀಯೇನೇ?”

“ಮರೆತರೂ ಹಾಡು ನಿಲ್ಲಿಸಿದೋಳಲ್ಲ ನಮ್ಮಕ್ಕ ಅಂತ ಸಾರ್ತೀನಿ.”

ಅಕ್ಕ ಗಿಟಾರಿನ ಪಟ್ಟಿಯನ್ನು ಹೆಗಲಿಗೇರಿಸಿಕೊಂಡು ಶ್ರುತಿ ಮಾಡತೊಡಗಿದಳು.