ಮೂವತ್ತೊಂದನೇ ನಂಬರಿನವನ ಹೆಸರು

ನಾಯಿ ಮತ್ತೆ ವೈರಿನ ಮೇಲೇ ಮಲಗಿತು, ಇನ್ನು ಚಿತ್ರ ನಡುಗುತ್ತದೆ, ನಡುಗಿತು ನೋಡು, ಹಸಿರು ಮೈದಾನವೆಲ್ಲ ಪಟ್ಟೆ ಪಟ್ಟೆ, ಓಡುವವರ ಕಾಲು ಒಂದು ಕಡೆ ಮೈ ಒಂದು ಕಡೆ — ಏಳೇ ಮೂದೇವಿ ಎಂದು ಬೈಯೋಣವೆಂದರೆ ನನಗೆ ಮಾತಿಲ್ಲ, ಒಂದು ಕಡ್ಡಿ ಎಸೆದೆ, ಬಾಲ ಅಲ್ಲಾಡಿಸಿತೇ ಹೊರತು ಏಳಲಿಲ್ಲ. ಮಗಳು ನಂಪಿಜಿನ್ಪಾ ಎದ್ದು ಹೋಗಿ ಅದನ್ನು ಕಾಲಿನಿಂದ ತಳ್ಳಿ ಬಂದಳು, ಪಟ್ಟೆಗಳು ಹೋದವು, ಮೆಲ್ಬರ್ನಿನಲ್ಲಿ ಮಳೆ ಬರುತ್ತಿದೆ, ಅಷ್ಟು ದೂರದ ಮಳೆ ನಮ್ಮ ಮರುಭೂಮಿಯ ಕೆಂಪು ಧೂಳಿನ ನಡುವೆ, ಗಂಡ ಹೋದ ಹೆಂಗಸರ ಬಿಡಾರದ ಎದುರು, ಒಂದು ಎಣ್ಣೆ ಡ್ರಮ್ಮಿನ ಮೇಲೆ ಸುರಿಯುತ್ತಿದೆ. ಟೀವಿ ಅಳಿಯನದು, ವೈರೂ ಅವನದೇ, ಕರೆಂಟು ಅವನ ಮನೆಯದು, ತಂದಿಟ್ಟು ತಲೆ ತಗ್ಗಿಸಿಕೊಂಡು ತಗಡಿನ ಗೋಡೆಯ ಆಚೆಗೆ ಹೋಗಿಬಿಟ್ಟ, ಅತ್ತೆಯ ಮುಖ ಅಳಿಯ ನೋಡುವಂತಿಲ್ಲವಲ್ಲ, ಪಾಪ, ಅಲ್ಲಿ ಬೆನ್ನು ತಿರುಗಿಸಿ ಕೂತು ಕಿವಿಯಲ್ಲೇ ಆಟ ನೋಡುತ್ತಾನೆ. ಯಾರ ಹತ್ರ ಇದೆ ಚೆಂಡು, ಯಾರಾದ್ರೂ ಹೇಳ್ರೇ. ನಿನ್ನ ಹೆಂಡ್ತಿ ಅಣ್ಣನ ಮಗನ ಹತ್ರ ಇದೆ, ಸುಮ್ನೆ ಕೂತ್ಕೊ, ಕತ್ತು ಉದ್ದ ಮಾಡಬೇಡ. ಹೀಗಂದದ್ದು ನನ್ನ ನಾದಿನಿ ನಂಗಾಲಾ, ಅವಳಿಗೆ ಅವನನ್ನು ಕೆಣಕದಿದ್ದರೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಹೌದು, ಅವನ ಹತ್ತಿರವೇ ಇದೆ, ಮೂವತ್ತೊಂದನೇ ನಂಬರು, ನನ್ನ ಮೊಮ್ಮಗ, ಕೈಯಲ್ಲೂ ಕಾಲಲ್ಲೂ ಆಡುವ ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಮಧ್ಯದಲ್ಲಿ ಆಡುವವನು, ಕಾಲು ನೋಡಿದರೆ ಕಡ್ಡಿ, ಸುತ್ತ ಇರುವವರೆಲ್ಲ ಗೂಳಿಗಳು, ಅಂಪೈರು ಚೆಂಡನ್ನು ನೆಲಕ್ಕೆ ಬಡಿದು ಎಗರಿಸಿದಾಗ ಎತ್ತರದವರಿಬ್ಬರು ಅದಕ್ಕೆ ಹಾರುತ್ತಾರೆ, ಅದು ಎಲ್ಲಿ ಬೀಳುತ್ತದೋ ಅಲ್ಲಿ ಇವನು ಆಗಲೇ ಇರುತ್ತಾನೆ. ಇವನಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬರುತ್ತೆ ಅಂತ ಟೀವಿಯವನು ಕೇಳುತ್ತಾನೆ, ಪ್ರತಿ ವಾರ ಕೇಳುತ್ತಾನೆ. ಅಜ್ಜನಿಂದ ಬರುತ್ತದೆ, ಇನ್ನೆಲ್ಲಿಂದ. ಕಾಂಗರೂ ಯಾವ ಕಡೆ ಜಿಗಿಯುತ್ತೆ ಅಂತ ತಲೆ ನೋಡಬೇಡ ಕಣೋ, ಹಿಂಗಾಲು ನೋಡು — ಅಜ್ಜ ಹೇಳಿಕೊಡುತ್ತಿದ್ದರು, ಹುಲ್ಲಿನಲ್ಲಿ ಇಬ್ಬರೂ ಬೋರಲು ಬಿದ್ದುಕೊಂಡು, ಹುಡುಗನಿಗೆ ಆಗ ಹಾಲುಹಲ್ಲು ಬೀಳುವ ವಯಸ್ಸು.

ಅಜ್ಜನಿಂದಲೇ ಹೆಸರೂ ಬಂತು. ಆ ಹೆಸರನ್ನು ಮನಸ್ಸಿನೊಳಗೂ ಆಡುವುದಿಲ್ಲ ನಾನು, ಅದರ ಹತ್ತಿರ ಹೋಗಿ ಸುತ್ತು ಹಾಕಿ ಬರುತ್ತೇನೆ. ಸತ್ತವರ ಹೆಸರು ಹಿಡಿದು ಕರೆದರೆ ಅವರು ಹೋಗಬೇಕಾದ ದಾರಿಯಲ್ಲಿ ಹೋಗದೆ ನಿಂತುಬಿಡುತ್ತಾರೆ, ತಿರುಗಿ ನೋಡುತ್ತಾರೆ, ಅದಕ್ಕೇ ಆ ಹೆಸರಿನವರೆಲ್ಲ ಈಗ ಕುಮಂಜಾಯಿ, ಹೆಸರಿಲ್ಲದವರು. ಮೊಮ್ಮಗನೂ ಕುಮಂಜಾಯಿ, ಅಂಗಡಿಯ ಬಿಳಿಯನಿಗೂ ಅದೇ ಹೆಸರಿತ್ತು, ಅವನೂ ಕುಮಂಜಾಯಿ, ಮೊದಲ ವಾರವೆಲ್ಲ ಅವನು ತನ್ನನ್ನೇ ಕರೆಯುತ್ತಿದ್ದಾರೆಂದು ತಿಳಿಯದೆ ಹಿಂದೆ ಮುಂದೆ ನೋಡುತ್ತಿದ್ದ, ನಂಗಾಲಾ ಬೇಕೆಂದೇ ಎರಡು ಸಲ ಕರೆಯುತ್ತಿದ್ದಳು. ಚಳಿ ಬೀಳುವ ಮೊದಲು ಹೋದರು ಅವರು, ನನ್ನ ಗಂಡ. ಆವತ್ತೇ ಆ ಮನೆ ಬಿಟ್ಟೆವು, ಕೂದಲು ಕತ್ತರಿಸಿಕೊಂಡೆ, ಮೈಗೆ ಬಿಳಿ ಮಣ್ಣು ಬಳಿದುಕೊಂಡೆ, ಬಾಯಿ ಮುಚ್ಚಿದೆ. ಗಂಡ ಹೋದವಳು ಮಾತಾಡಬಾರದು, ದೊಡ್ಡವರೆಲ್ಲ ಸೇರಿ ಬಾಯಿ ಬಿಡಿಸುವವರೆಗೆ ಕೈಯೇ ಬಾಯಿ, ನೀರು ಬೇಕು, ಬೆಂಕಿ ಒಟ್ಟು, ಇಲ್ಲಿ ಬಾ, ಸಾಕು, ಎಲ್ಲ ಬೆರಳಿನಲ್ಲೇ. ಅದು ನನಗೆ ಕಷ್ಟವಲ್ಲ, ನನ್ನ ಅಮ್ಮನೂ ಹೀಗೇ ಕೂತಿದ್ದಳು, ಅವಳ ಕೈಯ ಮಾತು ನೋಡಿಯೇ ನಾನು ಬೆಳೆದದ್ದು. ಕಷ್ಟ ಬೇರೆ. ಹುಡುಗ ಮಣ್ಣಿಗೆ ಬಂದಿದ್ದ, ಎರಡು ಆಟ ಬಿಟ್ಟು ಬಂದಿದ್ದ, ಅದಕ್ಕೆ ಮೆಲ್ಬರ್ನಿನ ಜನ ರೇಡಿಯೋಗೆ ಫೋನು ಮಾಡಿ ಗೊಣಗಿದರಂತೆ, ಎಲ್ಲರ ಅಜ್ಜಂದಿರೂ ಸಾಯ್ತಾರಪ್ಪ ಅಂತ ಒಬ್ಬ, ಇನ್ನೊಬ್ಬ ಮುದುಕ ಫೋನಿನಲ್ಲೇ ಅತ್ತನಂತೆ, ಬೈಯಬೇಡಿ ಆ ಹುಡುಗನ್ನ, ಅವನು ಬಂದ ಮೇಲೇ ನಾನು ಸಾಯೋದ್ರೊಳಗೆ ಒಂದು ಕಪ್ ನೋಡ್ತೀನಿ ಅನ್ನೋ ಆಸೆ ಬಂದಿರೋದು. ಸೋತು ಸೋತು ಸಣ್ಣಗಾದ ತಂಡ ಅದು, ಅವನೊಬ್ಬನ ಮೇಲೆ ಅಷ್ಟು ಜನದ ಕಣ್ಣು. ಅವನು ವಾಪಸು ಹೋಗಿ ಆಡಿದ ಮೊದಲ ಆಟ, ಇದೇ ಡ್ರಮ್ಮು, ಇದೇ ಟೀವಿ, ನಮಗ್ಯಾರಿಗೂ ಹೊಳೆಯಲೇ ಇಲ್ಲ, ಅದೆಂಥ ಮರೆವು, ಎಲ್ಲರೂ ಬ್ರೆಡ್ಡು ಮುರಿದುಕೊಂಡು ಚಹಾ ಹಿಡಿದು ಕೂತಿದ್ದೇವೆ, ಅವನು ಚೆಂಡು ಹಿಡಿದ, ಟೀವಿಯವನು ಆ ಹೆಸರು ಕೂಗಿದ. ಇಡೀ ಕ್ರೀಡಾಂಗಣ ಕೂಗಿತು. ನಂಗಾಲಾ ಚೀರಿ ತಲೆ ಚಚ್ಚಿಕೊಂಡಳು, ಸ್ವಂತ ಅಣ್ಣನ ಹೆಸರು, ಮಗಳು ಓಡಿ ಟೀವಿಯ ಮೇಲೆ ಕಂಬಳಿ ಎಸೆದಳು, ಕಂಬಳಿಯ ಒಳಗಿನಿಂದಲೂ ಬರುತ್ತಲೇ ಇತ್ತು, ಮತ್ತೆ ಮತ್ತೆ, ಎಲ್ಲರೂ ಅಳುತ್ತಿದ್ದರು, ನಾನೂ ಅಳುತ್ತಿದ್ದೆ, ನನ್ನ ಅಳು ಬೇರೆ ಎಂದು ಯಾರಿಗೂ ತಿಳಿಯಲಿಲ್ಲ. ಬಾಯಾರಿದವಳಿಗೆ ನೀರು ಸಿಕ್ಕ ಹಾಗಾಗಿತ್ತು ನನಗೆ.

ಅದನ್ನು ಯಾರಿಗೆ ಹೇಳಲಿ. ಮಾತಿದ್ದರೂ ಹೇಳುತ್ತಿರಲಿಲ್ಲ. ಮಗಳೇ ಕ್ಲಬ್ಬಿಗೆ ಫೋನು ಮಾಡಿಸಿದಳು, ಅಲ್ಲಿನ ಹೆಂಗಸು ಒಳ್ಳೆಯವಳು, ನಮ್ಮಿಂದ ತಪ್ಪಾಯ್ತು ಎಂದಳು, ಅವಳ ಪಕ್ಕದಲ್ಲಿ ಹುಡುಗ, ಫೋನಿನ ಗಾಜಿನಲ್ಲಿ ಅವನ ಮುಖ, ಅದೇ ಅಗಲ ಹಣೆ. ಅಜ್ಜೀ, ಏನಂತ ಕರೀಬೇಕು ಅಂತ ಕೇಳ್ತಿದ್ದಾರೆ, ಟೀವಿಯವರಿಗೆಲ್ಲ ಹೇಳ್ತಾರಂತೆ, ಆ ಹೆಸರು ಬಿಡಿಸ್ತಾರಂತೆ, ನೀನು ಹೇಳಿದ ಹಾಗೆ. ನಾನು ಹೇಳಿದ ಹಾಗೆ. ಎಲ್ಲರೂ ನನ್ನ ಕೈ ನೋಡುತ್ತಿದ್ದರು, ನಂಗಾಲಾ ಉಸಿರು ಹಿಡಿದುಕೊಂಡು ಕೂತಿದ್ದಳು, ನಾನು ಕೈ ಎತ್ತಿದೆ, ಜಂಗಲಾ ಎಂದು ಬೆರಳು ಮಡಿಸಿ ತೋರಿಸಿದೆ, ಅದು ಕುಲದ ಹೆಸರು, ಅಜ್ಜನೂ ಜಂಗಲಾ, ಮೊಮ್ಮಗನೂ ಜಂಗಲಾ, ಊರಿನಲ್ಲಿ ಹತ್ತಾರು ಜನ ಜಂಗಲಾ, ಆ ಹೆಸರಿಗೆ ಸಾವಿಲ್ಲ. ಸರಿ ಅಜ್ಜಿ ಎಂದ, ತಾನೂ ಕೈಯಲ್ಲೇ ಅಂದ, ಬಿಡಾರದ ಹೆಂಗಸರ ಕೈ ನೋಡುತ್ತ ಬೆಳೆದ ಹುಡುಗ. ನಾನು ಮಾಡಿದ್ದು ಸರಿ. ನೂರು ಸಲ ಕೇಳಿದರೂ ಹಾಗೇ ಕೈ ಎತ್ತುತ್ತೇನೆ, ಅವರು ದಾರಿಯಲ್ಲಿ ನಿಲ್ಲುವುದು ನನಗೆ ಬೇಡ, ನಡೆಯಲಿ, ಮುಟ್ಟಲಿ. ಆದರೂ ಫೋನು ಆರಿದ ಮೇಲೆ ಕೈ ಮಡಿಲಿಗೆ ಬಿತ್ತು, ಎತ್ತಲು ಆಗಲಿಲ್ಲ, ನನಗೆ ಆ ಹೆಸರು ಇನ್ನೊಂದು ಸಲ ಬೇಕು, ಒಂದೇ ಒಂದು ಸಲ, ಆಮೇಲೆ ಬೇಡ, ಹೀಗೆ ಅಂದುಕೊಳ್ಳುವುದಕ್ಕೆ ನನಗೇ ನಾಚಿಕೆಯಾಗುತ್ತದೆ.

ಜಂಗಲಾ, ಜಂಗಲಾ, ಟೀವಿಯವನು ಎಷ್ಟು ಜೋಪಾನವಾಗಿ ಹೇಳುತ್ತಾನೆ, ತುಂಬಿದ ಬಟ್ಟಲು ಹಿಡಿದವನ ಹಾಗೆ. ಹಿಂದೆ ಬಿದ್ದಿದ್ದಾರೆ ನಮ್ಮವರು, ಸ್ವಲ್ಪವೇ. ಅತ್ತೆಗೆ ಚಳಿ ಆಗ್ತಿದ್ಯಾ ಕೇಳು, ಕಟ್ಟಿಗೆ ತರ್ತೀನಿ — ಅಳಿಯ ತಗಡಿನ ಆಚೆಯಿಂದ ಹೆಂಡತಿಗೆ ಹೇಳುತ್ತಾನೆ, ಒಳ್ಳೆಯ ಹುಡುಗ, ಇಷ್ಟು ವರ್ಷದಲ್ಲಿ ನನಗೊಂದು ಮಾತು ಆಡಿದವನಲ್ಲ, ಅಷ್ಟು ಮರ್ಯಾದೆ. ನಾನು ಗಂಡನ ಹೆಸರನ್ನಾದರೂ ಎಲ್ಲಿ ಆಡಿದ್ದೆ. ಬದುಕಿದ್ದಾಗಲೂ ಹೆಸರು ಹಿಡಿದು ಕರೆದವಳಲ್ಲ, ಏ ಇವರೇ, ಮಕ್ಕಳ ಅಪ್ಪ, ಜಂಗಲಾ, ಅಷ್ಟರಲ್ಲೇ ಮುಗಿಯಿತು ಇಡೀ ಸಂಸಾರ. ಒಂದೇ ಜಾಗದಲ್ಲಿ ಕರೆದದ್ದು. ಊರ ಹೊರಗಿನ ಆ ಕೆಂಪು ಮೈದಾನ, ಒಂದು ಕಡ್ಡಿ ಹುಲ್ಲಿಲ್ಲ, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ, ಬಿದ್ದರೆ ಮಂಡಿಯ ಚರ್ಮ ನೆಲಕ್ಕೇ, ಸುತ್ತ ಕಾರುಗಳು, ಕಾರಿನ ಬಾನೆಟ್ಟಿನ ಮೇಲೆ ಮಕ್ಕಳು, ಆಟಕ್ಕೆ ನಿಂತರೆ ಎಲ್ಲರೂ ಎಲ್ಲರ ಹೆಸರು ಕೂಗುತ್ತಿದ್ದರು, ಅಲ್ಲಿ ಯಾರಿಗೂ ಅದು ತಪ್ಪೆನಿಸುತ್ತಿರಲಿಲ್ಲ, ನಾನೂ ಕೂಗುತ್ತಿದ್ದೆ, ಮೊಲೆ ಕುಡಿಯುವ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಗೆರೆಯ ಗುಂಟ ಓಡುತ್ತ ಕೂಗುತ್ತಿದ್ದೆ, ಗಂಟಲು ಹರಿಯುವಷ್ಟು. ಅವರು ಒಮ್ಮೆ, ಚೆಂಡು ಬಗಲಲ್ಲಿದೆ, ಇಬ್ಬರು ಮೈಮೇಲೆ ಬೀಳುತ್ತಿದ್ದಾರೆ, ಆಗ ನನ್ನ ದನಿ ಕೇಳಿ ತಿರುಗಿ ನಕ್ಕರು, ನಕ್ಕು ಚೆಂಡು ಕಳೆದುಕೊಂಡರು, ನಂಗಾಲಾ ನನ್ನನ್ನು ಹೊಡೆಯಲು ಬಂದಳು. ಅತ್ತಿಗೆ, ಅಣ್ಣ ಆಡೋವಾಗ ಬಾಯಿ ಮುಚ್ಕೊಂಡು ಇರ್ತೀಯಾ ಇಲ್ಲ ಮನೆಗೆ ಹೋಗ್ತೀಯಾ. ಮನೆಗೆ ಬಂದು ಅವರು ಮಂಡಿಯ ಗಾಯ ತೊಳೆದುಕೊಳ್ಳುತ್ತ, ಇನ್ನೊಂದ್ಸಲ ಕೂಗೇ ನೋಡೋಣ ಎಂದರು. ಮನೆಯಲ್ಲಿ ಹೇಗೆ ಕೂಗಲಿ. ನಾಚಿಕೊಂಡು ಹಿಟ್ಟು ನಾದುತ್ತ ಕೂತೆ. ಕೂಗಬಹುದಿತ್ತು. ಯಾರಿದ್ದರು ಅಲ್ಲಿ, ಮಲಗಿದ್ದ ಮಗು ಬಿಟ್ಟರೆ.

ಜಂಗಲಾ ಮತ್ತೆ ಜಂಗಲಾ, ಟೀವಿಯವನ ದನಿ ಏರುತ್ತಿದೆ, ಇನ್ನೇನು ಆಟ ಮುಗಿಯುವ ಸೈರನ್ನು ಕೂಗುತ್ತದೆ, ಒಂದು ಗೋಲು ಬಂದರೆ ಗೆದ್ದ ಹಾಗೆ, ಮಗಳು ನಿಂತೇ ಇದ್ದಾಳೆ, ಮಳೆಯಲ್ಲಿ ಚೆಂಡು ಎಲ್ಲರ ಕೈಯಿಂದ ಜಾರುತ್ತದೆ, ಮಣ್ಣಿನ ರಾಶಿಯ ಹಾಗೆ ಹತ್ತು ಜನ ಬಿದ್ದಿದ್ದಾರೆ, ರಾಶಿಯೊಳಗಿಂದ ಇವನೊಬ್ಬ ಎದ್ದ, ಚೆಂಡು ಇವನ ಹತ್ತಿರ, ಹಿಂಗಾಲು ನೋಡಿದ, ನನಗೆ ಗೊತ್ತು, ಎದುರಿನವನ ಕಾಲು ನೋಡಿಯೇ ಈ ಕಡೆ ಹೊರಳಿದ, ಮತ್ತೆ ಕ್ರೀಡಾಂಗಣದ ಜನ — ಟೀವಿಯವರಿಗೆ ಹೇಳಬಹುದು, ಅಷ್ಟು ಸಾವಿರ ಜನಕ್ಕೆ ಯಾರು ಹೇಳುತ್ತಾರೆ, ಅವರ ಖುಷಿ ಅವರ ಕೈಯಲ್ಲಿಲ್ಲ, ಕೂಗು ಶುರುವಾಯಿತು, ಕೆಳಗಿನಿಂದ ಗುಡುಗು ಬಂದ ಹಾಗೆ, ಮೊದಲ ಅಕ್ಷರ ಬಂತು, ಬಂತು, ನಂಗಾಲಾ ರಿಮೋಟಿನ ಮೇಲೆ ಬಿದ್ದಳು, ಸದ್ದು ಕತ್ತರಿಸಿಹೋಯಿತು. ಅರ್ಧ ಹೆಸರು. ಅತ್ತಿಗೆ, ಕೇಳಿಸ್ಲಿಲ್ಲ ತಾನೆ, ಕೇಳಿಸ್ಲಿಲ್ಲ ತಾನೆ ನಿಂಗೆ, ನನ್ನ ಭುಜ ತಬ್ಬಿ ಹಿಡಿದಿದ್ದಾಳೆ, ನನಗೋಸ್ಕರ ಮಾಡಿದಳು, ಅವಳನ್ನು ಹೇಗೆ ಬೈಯಲಿ. ಯಾಕ್ ನಿಲ್ಸಿದ್ರಿ, ಏನಾಯ್ತು, ಯಾರ ಹತ್ರ ಇದೆ, ಅಯ್ಯೋ ಹೇಳ್ರೇ ಯಾರಾದ್ರೂ — ಅಳಿಯ ತಗಡು ಬಡಿಯುತ್ತಿದ್ದಾನೆ. ಸದ್ದಿಲ್ಲದ ಮಳೆ, ಸದ್ದಿಲ್ಲದೆ ಓಡುತ್ತಿದ್ದಾನೆ ಹುಡುಗ, ಗೆರೆಯ ಗುಂಟ, ಅವನ ಹಿಂದೆ ಬೇಲಿ, ಬೇಲಿಗೆ ಒರಗಿ ಒಬ್ಬಳು ಮುದುಕಿ, ಬಿಳಿಯವಳು, ಕೂದಲೆಲ್ಲ ಹಣೆಗೆ ಅಂಟಿದೆ, ಕುತ್ತಿಗೆಗೆ ತಂಡದ ಸ್ಕಾರ್ಫು, ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಅವಳ ತುಟಿ ಕೂಡಿತು, ಬಿಟ್ಟಿತು, ನಾಲಗೆ ಹಲ್ಲಿಗೆ ತಾಗಿತು. ಪೂರ್ತಿ ಹೆಸರು. ಇಷ್ಟು ತಿಂಗಳು ಸದ್ದಿಲ್ಲದ ಮಾತನ್ನೇ ಓದಿದ ಕಣ್ಣು ನನ್ನದು, ನನಗೆ ಕಿವಿ ಬೇಕಾಗಲಿಲ್ಲ. ಚೆಂಡು ಎತ್ತ ಹೋಯಿತೋ ನೋಡಲಿಲ್ಲ, ಮಗಳು ಹಾರಿದಳು, ಹೋಯ್ತು, ಹೋಯ್ತು ಕಣ್ರೀ, ನಡುವಿನ ಕಂಬದೊಳಗೇ ಹೋಯ್ತು, ತಗಡಿನ ಆಚೆ ಅಳಿಯ ಒಬ್ಬನೇ ಕುಣಿಯುತ್ತಿರಬೇಕು, ಧೂಳು ಏಳುತ್ತಿದೆ, ನಾಯಿಗಳೆಲ್ಲ ಬೊಗಳುತ್ತಿವೆ, ಈಗ ಟೀವಿಯವರು ಅದನ್ನೇ ಮತ್ತೆ ತೋರಿಸುತ್ತಾರೆ, ಮೆಲ್ಲಗೆ, ಹುಡುಗ ಮೆಲ್ಲಗೆ ಓಡುತ್ತಾನೆ, ಬೇಲಿ ಬಂತು, ಅವಳು ಬಂದಳು, ಮೆಲ್ಲಗೆ ತುಟಿ ಕೂಡುತ್ತದೆ, ಬಿಡುತ್ತದೆ, ಎಷ್ಟು ಪ್ರೀತಿಯಿಂದ ಕೂಗುತ್ತಾಳೆ, ಯಾರೋ ಏನೋ, ಅವಳಿಗೇನು ಗೊತ್ತು. ಮಗಳು ತಿರುಗಿ ನನ್ನ ಕಡೆ ನೋಡಿದಳು, ನನ್ನ ಬಾಯಿಯ ಕಡೆ ನೋಡಿದಳು, ನೋಡುತ್ತಲೇ ನಿಂತಳು, ಆಮೇಲೆ ಬಂದು ನನಗೂ ನಂಗಾಲಾಗೂ ನಡುವೆ ಕೂತಳು, ನಂಗಾಲಾಗೆ ನನ್ನ ಮುಖ ಕಾಣದ ಹಾಗೆ. ಇನ್ನೊಂದು ಕಡೆಯಿಂದ ತೋರಿಸುತ್ತಿದ್ದಾರೆ, ಇನ್ನೂ ಹತ್ತಿರದಿಂದ, ಮಳೆಯ ಹನಿ ಅವಳ ತುಟಿಯ ಮೇಲೆ, ತುಟಿ ಕೂಡುತ್ತದೆ, ಬಿಡುತ್ತದೆ, ನಾಲಗೆ ಹಲ್ಲಿಗೆ ತಾಗುತ್ತದೆ, ದನಿಯಿಲ್ಲ, ದನಿ ಹೊರಡಲಿಲ್ಲ, ಅವಳದೂ ಇಲ್ಲ ನನ್ನದೂ ಇಲ್ಲ, ಅವಳ ಜೊತೆಗೇ ನನ್ನ ತುಟಿ ಕೂಡುತ್ತದೆ, ಬಿಡುತ್ತದೆ, ತುಟಿ ಕೂಡುತ್ತದೆ —