ನುಣ್ಣಗೆ ಕತ್ತರಿಸಿದ ಹುಲ್ಲು

ಸಿಮೆಂಟು ಹಾಕಿಸಿಬಿಟ್ಟರೆ ತಪ್ಪೇನು? ಸತ್ತ ಹುಲ್ಲನ್ನು ಇಟ್ಟುಕೊಂಡು ಯಾರಿಗೆ ತೋರಿಸಬೇಕು? ಆದರೆ ಅದು ತಾನಾಗಿ ಸತ್ತಿತೋ, ನಾನೇ ಸಾಯಿಸಿದೆನೋ? ಕ್ಷೌರಿಕ ಮನೆಯ ಮೆಟ್ಟಿಲ ಮೇಲೆ ಕುಳಿತು ಬೆಳಗಿನಿಂದ ಇದನ್ನೇ ಯೋಚಿಸುತ್ತಿದ್ದ. ಹತ್ತು ಗಂಟೆಗೆ ಗಾರೆಯವನು ಬರುವವನಿದ್ದ.

ಮನೆಯ ಮುಂದಿನ ಹುಲ್ಲುಹಾಸನ್ನು ನೆಟ್ಟವಳು ಹೆಂಡತಿ. ಅವಳು ತೀರಿಕೊಂಡು ಆರು ತಿಂಗಳಾಗಿತ್ತು. ಅಂದಿನಿಂದ ಅವನು ತನಗೆ ತಿಳಿದಂತೆ ನೋಡಿಕೊಂಡ. ತಲೆ ಬೋಳಿಸಿದಷ್ಟೇ ನುಣ್ಣಗೆ ಹುಲ್ಲನ್ನೂ ಕತ್ತರಿಸಿದ. ಗಿಡ್ಡ ಮಾಡಿದರೆ ಕ್ಷೌರ ಹೆಚ್ಚು ದಿನ ಬರುತ್ತದೆ ಎಂಬುದು ಮೂವತ್ತು ವರ್ಷದ ಕಸುಬು ಕಲಿಸಿದ ಪಾಠ. ಸಂಜೆ ಅಂಗಡಿ ಮುಚ್ಚಿ ಬಂದು, ಗಿರಾಕಿಯ ತಲೆಗೆ ಸಿಂಪಡಿಸಿದಂತೆ ನೀರು ಚಿಮುಕಿಸುತ್ತಿದ್ದ. ಮನೆಯೊಳಗೆ ಹೋಗುವುದನ್ನು ಮುಂದೂಡಲು ಇದ್ದ ಕೆಲಸ ಅದೊಂದೇ. ಬಿಸಿಲುಗಾಲ ಬಂದು ಮೂರು ವಾರಕ್ಕೆ ಹುಲ್ಲು ಹಳದಿಯಾಯಿತು.

ಪಕ್ಕದ ಮನೆಯಾಕೆ ಪಾರ್ಕಿನ ಮಾಲಿ, ಹೆಂಡತಿಯ ಗೆಳತಿ. ಕೆಲಸಕ್ಕೆ ಹೊರಟವಳು ಸಿಮೆಂಟು ಚೀಲ ಕಂಡು ಗೇಟಿನಲ್ಲೇ ನಿಂತಳು.

“ಏನಣ್ಣಾ, ಹುಲ್ಲಿಗೆ ಸಮಾಧಿ ಕಟ್ಟಿಸ್ತಿದ್ದೀರಾ?”

“ಅವಳ ಕೈಗುಣ ಅವಳ ಜೊತೆ ಹೋಯ್ತು, ಬಿಡಮ್ಮ.”

“ಕೈಗುಣದ ಮೇಲೆ ಯಾಕೆ ಹಾಕ್ತೀರಾ? ಇಷ್ಟು ಬೋಳಿಸಿದ್ರೆ ಯಾವ ಹುಲ್ಲು ಬದುಕುತ್ತೆ?”

“ಕೂದಲು ಬೋಳಿಸಿದ್ರೂ ಬರುತ್ತಲ್ಲ?”

“ಕೂದಲಿಗೆ ಊಟ ಹಾಕೋಕೆ ಮೈಯಿದೆ. ಹುಲ್ಲು ತನ್ನ ಎಲೆಯಲ್ಲೇ ಅಡುಗೆ ಮಾಡ್ಕೋಬೇಕು. ಬಿಸಿಲಲ್ಲಿ ಮೂರು ಬೆರಳು ಎತ್ತರ ಇರ್ಲಿ, ಬುಡಕ್ಕೆ ನೆರಳಾಗುತ್ತೆ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೀಬೇಡಿ.”

“ನೀರಂತೂ ದಿನಾ ಹಾಕಿದೀನಿ.”

“ನೀರು ತೋರಿಸಿದೀರಿ ಅನ್ನಿ! ಮೇಲೆ ಮೇಲೆ ಚಿಮುಕಿಸಿದ್ರೆ ಬೇರೂ ಮೇಲೇ ಉಳಿದು ಒಣಗುತ್ತೆ. ವಾರಕ್ಕೆ ಎರಡು ಸಲ ಸಾಕು. ಬೆಳಿಗ್ಗೆ ಬೇಗ, ಅಂಗೈಯಷ್ಟು ಆಳ ಮಣ್ಣು ನೆನೆಯೋ ಹಾಗೆ.”

ಆಕೆ ಒಳಗೆ ಬಂದು, ಮೆಟ್ಟಿಲ ಬಳಿ ಇದ್ದ ಹುಲ್ಲು ಕತ್ತರಿಸುವ ಯಂತ್ರವನ್ನು ಮಗುಚಿ ಅಲಗನ್ನು ಮುಟ್ಟಿ ನೋಡಿದಳು. “ಇಷ್ಟು ಮೊಂಡು ಕತ್ತೀಲಿ ಯಾರಿಗಾದ್ರೂ ಶೇವಿಂಗ್ ಮಾಡ್ತೀರಾ?”

ಅವನಿಗೆ ನಾಚಿಕೆಯಾಯಿತು. ಹುಲ್ಲಿನ ತುದಿಗಳೆಲ್ಲ ಹರಿದುಹೋಗಿದ್ದವು.

“ಗೊಬ್ಬರ ತಂದು ಸುರೀಲಾ?”

“ಬಾಯಾರಿದವರಿಗೆ ಉಪ್ಪು ತಿನ್ನಿಸಿದ ಹಾಗಾಗುತ್ತೆ. ಮಳೆ ಬಿದ್ದು ಚಿಗುರಿದ ಮೇಲೆ ಹಾಕಿ. ಮಳೆಗಾಲದಲ್ಲಿ ನೀರು ನಿಂತ್ರೆ ನೀರು ಇಳಿಯೋ ಹಾಗೆ ಕಂಬಿಯಿಂದ ಮಣ್ಣನ್ನ ಅಲ್ಲಲ್ಲಿ ಚುಚ್ಚಿ. ಚಳಿಗಾಲಕ್ಕೆ ನೀರು ಕಮ್ಮಿ ಮಾಡಿ. ಉದುರಿದ ಎಲೆ ಸುಡಬೇಡಿ, ಗಿಡದ ಬುಡಕ್ಕೆ ಹಾಕಿ.”

“ಸತ್ತಿದ್ದಕ್ಕೆ ಇಷ್ಟೆಲ್ಲ ಯಾಕಮ್ಮ?”

“ಒಂದು ಹಿಡಿ ಎಳೆದು ನೋಡಿ.”

ಅವನು ಮಂಡಿಯೂರಿ ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಬೇರು ಬಿಡಲಿಲ್ಲ. ಬುಡ ಬಿಡಿಸಿ ನೋಡಿದರೆ ಉಗುರಿನಷ್ಟು ಹಸಿರಿತ್ತು.

“ನಿದ್ದೆ ಮಾಡ್ತಿದೆ ಅಣ್ಣಾ,” ಎಂದಳು ಆಕೆ ಮೆಲ್ಲಗೆ.

ಹತ್ತಕ್ಕೆ ಬಂದ ಗಾರೆಯವನನ್ನು ಅವನು ಹಿತ್ತಲ ನಲ್ಲಿಕಟ್ಟೆ ಸರಿಮಾಡಲು ಕಳಿಸಿದ. ತಾನು ಯಂತ್ರದ ಅಲಗನ್ನು ಬಿಚ್ಚಿ ಸಾಣೆಕಲ್ಲಿಗೆ ಹಚ್ಚಿದ. ಮೊದಲ ಮಳೆಗೆ ಹುಲ್ಲು ಎದ್ದು ನಿಂತಿತು.

ನಿಮ್ಮ ಮನೆಯ ಹುಲ್ಲೂ ಹಳದಿಯಾಗಿದೆಯೇ? ಅಗೆದು ಹಾಕುವ ಮೊದಲು ಒಂದು ಹಿಡಿ ಎಳೆದು ನೋಡಿ. ಬೇರು ಹಿಡಿದಿದ್ದರೆ ಅಲಗು ಮಸೆಯಿರಿ, ಹುಲ್ಲನ್ನು ಎತ್ತರಕ್ಕೆ ಬಿಡಿ, ಬೆಳಿಗ್ಗೆ ಆಳಕ್ಕೆ ನೀರುಣಿಸಿ. ಮನೆಯಲ್ಲಿ ತೋಟ ನೋಡಿಕೊಳ್ಳುವವರು ಯಾರಾದರೂ ಇದ್ದರೆ, ಇಂದೇ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಗಿರಾಕಿಯ ತಲೆಯ ಹಿಂದೆ ಕನ್ನಡಿ ಹಿಡಿದು “ಹೇಗಿದೆ?” ಎಂದು ಕ್ಷೌರಿಕ ದಿನಕ್ಕೆ ಹತ್ತು ಸಲ ಕೇಳುತ್ತಾನೆ. ಹುಲ್ಲಿನ ನಡುವೆ ಬರಿಗಾಲಲ್ಲಿ ನಿಂತು ಹೆಂಡತಿಯೂ ಹಾಗೆಯೇ ಕೇಳುತ್ತಿದ್ದಳು. ಚೆನ್ನಾಗಿದೆ ಎಂದು ಅವನು ಒಮ್ಮೆಯೂ ಹೇಳಿರಲಿಲ್ಲ.